ಗಾಡಿ ವಾಲದಂತೆ ತಳ್ಳಿದ ತಪ್ಪಿಗೆ

ಒಂಟಿಗಾಲಿ ಗಾಡಿಗಳು ಇನ್ನು ಮುಂದೆ ಟಾರು ರಸ್ತೆಗೆ ಬರಕೂಡದಂತೆ. ಹುಕುಂ ಆಗಿದೆಯಂತೆ. ಬೆಳಿಗ್ಗೆ ಓಣಿಯ ಮೂಲೆಯ ಬಿಸಿನೀರಿನ ಅಂಗಡಿಯಲ್ಲಿ ಕೆಟಲು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಮೇಷ್ಟ್ರು ಪತ್ರಿಕೆ ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದರು. ಆ ಗಾಡಿಗಳ ಕಬ್ಬಿಣದ ಪಟ್ಟಿ ರಸ್ತೆಯನ್ನು ಸೀಳುತ್ತದೆ, ಅವುಗಳ ಕೀರಲು ಸದ್ದು ಮರ್ಯಾದಸ್ಥರ ನಿದ್ದೆ ಕೆಡಿಸುತ್ತದೆ, ಶಾಂಘೈಯಂಥ ನಗರಕ್ಕೆ ಅವು ಶೋಭೆಯಲ್ಲ ಎಂದೆಲ್ಲ ಬರೆದಿತ್ತು.

"ಪೀಡೆ ತೊಲಗ್ತು ಬಿಡಿ," ಅಂದರು ಮೇಷ್ಟ್ರು. "ಆ ಜಿಯಾಂಗ್‌ಬೇ ಜನಕ್ಕೆ ಊರು ಅಂದ್ರೆ ಏನು ಅಂತಾನೇ ಗೊತ್ತಿಲ್ಲ."

"ನೀವು ಒರಗಿ ನಿಂತಿದ್ದೀರಲ್ಲ, ಆ ಗೋಡೆ ಇಟ್ಟಿಗೆ ಯಾವುದರಲ್ಲಿ ಬಂತು ಮೇಷ್ಟ್ರೇ? ಟ್ರಾಮಲ್ಲಿ ಕೂತ್ಕೊಂಡು ಬಂತಾ?" ಅಂದೆ.

"ನಿಮಗ್ಯಾಕಮ್ಮ ಅಷ್ಟು ಉರಿ? ನೀವೇನು ಜಿಯಾಂಗ್‌ಬೇಯವರಾ?"

ಅಲ್ಲ. ದೊಡ್ಡ ನದಿಯ ಉತ್ತರ ದಂಡೆಯಿಂದ ಹೊಟ್ಟೆಪಾಡಿಗೆ ಬಂದವರನ್ನೆಲ್ಲ ಇಲ್ಲಿ ಜಿಯಾಂಗ್‌ಬೇ ಎನ್ನುತ್ತಾರೆ, ಅದನ್ನು ಬೈಗುಳದಂತೆಯೇ ಎನ್ನುತ್ತಾರೆ. ನಾನು ಇದೇ ಮಣ್ಣಿನವಳು. ಎಳವೆಯಲ್ಲಿ ಪಾದ ಬೆಳೆಯದಂತೆ ಬಟ್ಟೆ ಬಿಗಿದು ನನ್ನ ಕಾಲು ಕಟ್ಟಿದ್ದು ಇಲ್ಲೇ, ಗಿರಣಿಯ ಕುದಿನೀರಿನಲ್ಲಿ ನನ್ನ ಕೈ ಬೆಂದದ್ದೂ ಇಲ್ಲೇ. ಆದರೆ ಬಿಯಾನ್ ಎಂಬ ಜಿಯಾಂಗ್‌ಬೇಯ ಮನುಷ್ಯ ವರ್ಷಗಟ್ಟಲೆ ಅಂಥ ಗಾಡಿಯಲ್ಲಿ ನನ್ನನ್ನು ಹೊತ್ತು ತಿರುಗಿದ್ದಾನೆ. ಅವನು ಸತ್ತು ಆರೇಳು ವರ್ಷವಾಯಿತು. ಈ ಹುಕುಂ ಕೇಳಲು ಅವನಿಲ್ಲ. ಇದ್ದಿದ್ದರೂ ಅವನು ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೇ ನಾನು ತೆರೆಯುತ್ತಿದ್ದೇನೆ.

ನಾನು ಹುಡುಗಿಯಾಗಿದ್ದಾಗ ಸುಝೌ ಕಾಲುವೆಯ ಈ ಉತ್ತರ ದಡದಲ್ಲಿ ಇದ್ದದ್ದು ಎಲೆಕೋಸಿನ ಹೊಲ, ಗೋರಿ, ಹೊಂಡ, ಅಷ್ಟೇ. ಆಮೇಲೆ ಬಂದವು ನೋಡಿ ಚಿಮಣಿಗಳು. ಹೊಲದವನಿಗೆ ಚಿಲ್ಲರೆ ಕಾಸು ಕೊಟ್ಟು ಎಬ್ಬಿಸಿದರು, ಗೋರಿಗಳನ್ನು ಅಗೆದು ಎಲುಬನ್ನು ಜಾಡಿಗೆ ತುಂಬಿಸಿದರು, ಹೊಂಡಕ್ಕೆ ಬೂದಿ ಸುರಿದು ಅದರ ಮೇಲೆ ರೇಷ್ಮೆ ಗಿರಣಿ, ಹಿಟ್ಟಿನ ಗಿರಣಿ, ಬೆಂಕಿಕಡ್ಡಿ ಕಾರ್ಖಾನೆ ಎಬ್ಬಿಸಿದರು. ನದಿಯಂಚಿನಲ್ಲಿ ಪರದೇಶದವರ ಬ್ಯಾಂಕುಗಳ ಕಲ್ಲುಕಂಬ ನೋಡಿ ಬಂದವರೆಲ್ಲ ಬಾಯಿ ಬಿಡುತ್ತಾರೆ, ಈ ಊರನ್ನು ಕಟ್ಟಿದವರು ಅವರೇ ಎಂದುಕೊಳ್ಳುತ್ತಾರೆ. ಕಲ್ಲು ತಾನೇ ನಡೆದು ಬಂತೇ? ಸುಣ್ಣ, ಇಟ್ಟಿಗೆ, ಕಲ್ಲಿದ್ದಲು, ರೇಷ್ಮೆಗೂಡಿನ ಮೂಟೆ, ಹತ್ತಿಯ ಪಿಂಡಿ, ಕಟುಕರ ಹಂದಿ, ಕಡೆಗೆ ಗಿರಣಿ ಯಂತ್ರದ ಬಿಡಿಭಾಗಗಳೂ ದೋಣಿಯಿಂದ ಇಳಿದು ಕೆಸರು ದಾಟಿ ಬಂದದ್ದು ಒಂದೇ ಒಂದು ಮರದ ಗಾಲಿಯ ಮೇಲೆ. ಅದರ ಹಿಂದೆ ಹೆಗಲಿಗೆ ಪಟ್ಟಿ ಹಾಕಿಕೊಂಡು ಬಗ್ಗಿದ ಒಬ್ಬ ಜಿಯಾಂಗ್‌ಬೇಯವನು. ರಸ್ತೆಗೆ ಹಾಸಿದ ಜಲ್ಲಿಯೂ ಅದೇ ಗಾಡಿಯಲ್ಲಿ ಬಂತು. ಈಗ ಆ ರಸ್ತೆಗೆ ಆ ಗಾಡಿ ತಾಕಿದರೆ ಮೈಲಿಗೆ.

ರೇಷ್ಮೆ ಗಿರಣಿಯ ಹೆಣ್ಣಾಳುಗಳಾದ ನಮ್ಮನ್ನೂ ಹೊತ್ತದ್ದು ಅದೇ ಗಾಡಿ. ಕಟ್ಟಿದ ಪಾದದ ಹೆಂಗಸರು ಆ ಕೆಸರಿನಲ್ಲಿ ಅಷ್ಟು ದೂರ ನಡೆದು ಹೋದರೆ ಗಿರಣಿ ಕೂಗುವುದರೊಳಗೆ ಬಾಗಿಲು ಮುಟ್ಟಲಾಗದು. ಮುಟ್ಟದಿದ್ದರೆ ಅವತ್ತಿನ ಅರ್ಧ ಕೂಲಿ ಹೋಯಿತು. ಅದಕ್ಕೇ ಒಂದು ಓಣಿಯ ಆರು ಹೆಂಗಸರು ಸೇರಿ ಒಂದು ಗಾಡಿಯನ್ನು ತಿಂಗಳಿಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಗಾಲಿ ನಡುವೆ, ಅದರ ಎರಡು ಪಕ್ಕಕ್ಕೆ ಎರಡು ಹಲಗೆ. ಮೂವರು ಎಡಕ್ಕೆ, ಮೂವರು ಬಲಕ್ಕೆ, ಬೆನ್ನಿಗೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟು, ತೊಡೆಯ ಮೇಲೆ ಅನ್ನದ ಡಬ್ಬಿ ಇಟ್ಟುಕೊಂಡು ಕೂರಬೇಕು. ಆರು ಜನರ ಭಾರವನ್ನು ಒಂಟಿಗಾಲಿಯ ಮೇಲೆ ನೆಟ್ಟಗೆ ನಿಲ್ಲಿಸುವುದು ಹಿಂದಿನವನ ಹೆಗಲು. ಒಂದು ಕಡೆ ಭಾರವಾದರೆ ಗಾಡಿ ವಾಲುತ್ತದೆ. ಅವನು ಮೈಯನ್ನೆಲ್ಲ ಇನ್ನೊಂದು ಕಡೆಗೆ ತಿರುಚಿಕೊಂಡು ತಳ್ಳಬೇಕು.

ಬಿಯಾನ್ ಯಾನ್‌ಚೆಂಗ್ ಕಡೆಯ ಉಪ್ಪುನೆಲದವನು. ನೆರೆ ಬಂದು ಎಲ್ಲ ಕೊಚ್ಚಿಹೋದ ವರ್ಷ ಹೆಂಡತಿಯನ್ನು ಕರೆದುಕೊಂಡು ಬಂದ. ತೂತುಬಿದ್ದ ಒಂದು ಹಳೇ ದೋಣಿಯನ್ನು ಕಾಲುವೆಯ ಕೆಸರಿನಲ್ಲಿ ಬೋರಲು ಹಾಕಿ, ಅದಕ್ಕೆ ಜೊಂಡು ಹೊದಿಸಿ, ಅದರ ಕೆಳಗೆ ಸಂಸಾರ ಹೂಡಿದ. ಒಳಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಹಗಲೆಲ್ಲ ಗಾಡಿಯ ಹಿಂದೆ ಬಗ್ಗಿದವನು ಮನೆಗೆ ಬಂದರೂ ಬಗ್ಗಿಯೇ ಇರಬೇಕಿತ್ತು. ಗಾಡಿಯೂ ಅವನದಲ್ಲ, ಬಾಡಿಗೆಯದು. ಪಟ್ಟಿ ಎಳೆದೆಳೆದು ಅವನ ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ನಾವು ಅದನ್ನೂ ಆಡಿಕೊಳ್ಳುತ್ತಿದ್ದೆವು.

"ಬಿಯಾನಣ್ಣ, ನಿನ್ನ ಅಂಗಿ ಹೊಲಿಯೋ ದರ್ಜಿಗೆ ತಲೆ ಕೆಟ್ಟಿರಬೇಕು," ಅಂತ ಒಬ್ಬಳು.

"ದರ್ಜಿ ಎಲ್ಲವ್ನೆ, ನಾಯಿ ಕಚ್ಚಿ ಹರಿದದ್ದನ್ನ ನಾನೇ ಹೊಲ್ಕಂಡಿದ್ದು," ಅನ್ನುತ್ತಿದ್ದ. "ನೀವು ಕಡಿಮೆ ತಿಂದ್ರೆ ನನ್ನ ಹೆಗಲು ಮೇಲಕ್ಕೆ ಬತ್ತದೆ. ಯಾಕಿವತ್ತು ಎಡಗಡೆ ಹಗುರ? ಅಫೆಂಗವ್ವ, ರಾತ್ರಿ ಉಣ್ಲಿಲ್ವಾ? ಗಂಡನ ಕೂಡೆ ಜಗಳವಾ?"

ಅಫೆಂಗ್ ಅಂದರೆ ನಾನು. ಜಗಳವಾಗಿತ್ತು, ಊಟ ಬಿಟ್ಟಿದ್ದೆ. ಅವನಿಗೆ ಅದು ಹೆಗಲಲ್ಲೇ ತಿಳಿಯುತ್ತಿತ್ತು. ನಮ್ಮಲ್ಲಿ ಯಾರಾದರೂ ಕೆಲಸಕ್ಕೆ ಬಾರದಿದ್ದ ದಿನ ಅವಳ ಜಾಗದಲ್ಲಿ ಒಂದು ಕಲ್ಲು ಇಡುತ್ತಿದ್ದ. ಎಲ್ಲ ಗಾಡಿಯವರೂ ಹಾಗೇ ಮಾಡುತ್ತಿದ್ದರು. ಬೆಳಿಗ್ಗೆ ಗಿರಣಿ ಬಾಗಿಲಲ್ಲಿ ಸಾಲಾಗಿ ಬಂದು ನಿಲ್ಲುವ ಗಾಡಿಗಳಲ್ಲಿ ಕಲ್ಲು ಕಂಡರೆ ಒಬ್ಬಳು ಬಂದಿಲ್ಲ ಎಂದು ಅರ್ಥ.

ಗಿರಣಿ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಲೂ ಯಿಂಗ್‌ಬಾವ್. ಹೆಣ್ಣಾಳುಗಳ ಮೇಲೆ ಉಸ್ತುವಾರಿ ಮಾಡುವವಳನ್ನು ನಾವು ನಂಬರ್ ಒನ್ ಎನ್ನುತ್ತಿದ್ದೆವು. ಪರದೇಶದವರ ಬಾಯಿಂದ ಉದುರಿದ ಮಾತು, ನಮ್ಮ ಬಾಯಿಗೂ ಅಂಟಿಕೊಂಡಿತ್ತು. ಇವಳೇನೂ ಆಕಾಶದಿಂದ ಇಳಿದವಳಲ್ಲ. ನಮ್ಮ ಹಾಗೇ ಕುದಿನೀರಿನ ಬೋಗುಣಿಯ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚಿದವಳು, ಇದೇ ಬಿಯಾನನ ಗಾಡಿಯ ಎಡಗಡೆ ಹಲಗೆಯಲ್ಲಿ ವರ್ಷಾನುಗಟ್ಟಲೆ ಕೂತವಳು. ಹಬ್ಬಹಬ್ಬಕ್ಕೆ ಹಳೇ ನಂಬರ್ ಒನ್ನಿನ ಮನೆಗೆ ಹಂದಿತೊಡೆ, ಬಾತುಕೋಳಿ ಹೊತ್ತು ಹೊತ್ತು ಕಡೆಗೆ ಅವಳ ಜಾಗಕ್ಕೇ ಬಂದಳು. ಅವಳು ಇಳಿದ ಹಲಗೆಯ ಜಾಗಕ್ಕೆ ಹತ್ತಿದವಳು ನಾನು. ಅಧಿಕಾರ ಬಂದ ಮೇಲೆ ಲೂ ರಿಕ್ಷಾದಲ್ಲಿ ಬರತೊಡಗಿದಳು, ಒಂದು ಚಿನ್ನದ ಹಲ್ಲು ಕಟ್ಟಿಸಿಕೊಂಡಳು, ನಮ್ಮ ಗುರುತು ಮರೆತಳು.

ಗಿರಣಿಯಲ್ಲಿ ಬಸುರಿಯರಿಗೆ ಜಾಗವಿರಲಿಲ್ಲ. ಬಸುರಿ ಪದೇ ಪದೇ ಹೊರಗೆ ಹೋಗಬೇಕೆನ್ನುತ್ತಾಳೆ, ಅಷ್ಟು ಹೊತ್ತು ನೂಲು ಕಡಿದು ಬೀಳುತ್ತದೆ, ಹಬೆಗೆ ತಲೆಸುತ್ತಿ ಬಿದ್ದರೆ ನಾಲ್ಕು ಜನ ಎದ್ದು ಹೋಗಿ ಎತ್ತಬೇಕು. ಅದಕ್ಕೇ ಹೊಟ್ಟೆ ಕಂಡ ದಿನವೇ ಮನೆಗೆ ಅಟ್ಟುತ್ತಿದ್ದರು. ಆ ಬೋಗುಣಿ ಮತ್ತೆ ಸಿಗುತ್ತಿರಲಿಲ್ಲ, ಹಂದಿತೊಡೆ ಹಿಡಿದು ಕಾದು ನಿಂತವರು ಬೇಕಾದಷ್ಟಿದ್ದರು. ಹೀಗಾಗಿ ನಮ್ಮ ಹೆಂಗಸರು ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಮೇಲೆ ದೊಗಲೆ ಅಂಗಿ ಹಾಕಿಕೊಂಡು, ಹೆರುವ ಹಿಂದಿನ ದಿನದ ತನಕ ನೂಲು ಬಿಚ್ಚುತ್ತಿದ್ದರು. ಲಿಯೋನಿನಲ್ಲೋ ನ್ಯೂಯಾರ್ಕಿನಲ್ಲೋ ಯಾವಳೋ ದೊರೆಸಾನಿಯ ಕಾಲಿಗೆ ರೇಷ್ಮೆ ಕಾಲುಚೀಲ ಬೇಕಿತ್ತು. ಅದಕ್ಕಾಗಿ ನಮ್ಮ ಕೂಸುಗಳು ಹೊಟ್ಟೆಯಲ್ಲೇ ಉಸಿರು ಬಿಗಿಹಿಡಿದುಕೊಂಡು ಇರಬೇಕಿತ್ತು. ಈಗ ಹೇಳುವಾಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಗಾಡಿಯ ಬಲಗಡೆ ನಡುವೆ ಕೂರುತ್ತಿದ್ದವಳು ಗೆನ್‌ಮೇ. ಮಾತು ಕಡಿಮೆ, ಕೈ ಚುರುಕು. ಅವಳ ಗಂಡ ಹಡಗುಕಟ್ಟೆಯಲ್ಲಿ ಸೋಯಾ ಹಿಂಡಿಯ ಬಿಲ್ಲೆಗಳನ್ನು ಹೊರುತ್ತಿದ್ದ. ಹಡಗಿನಿಂದ ಇಳಿಯುವ ಹಲಗೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಗೆನ್‌ಮೇಯ ಒಂದು ಬೋಗುಣಿಯಿಂದ. ಅವಳು ಬಸುರಾದದ್ದನ್ನು ನಮಗೂ ಹೇಳಲಿಲ್ಲ. ಗಿರಣಿಯಲ್ಲಿ ಗೋಡೆಗೂ ಕಿವಿ ಇತ್ತು, ಅವಳನ್ನು ದೂರಲಾರೆ.

ಆದರೆ ಹೆಗಲಿಗೆ ಸುಳ್ಳು ಹೇಳಲಾಗುತ್ತದೆಯೇ? ಒಂದು ದಿನ ಬಿಯಾನ್ ಎಂದಿನ ಹಾಗೆ ಶುರು ಮಾಡಿದ.

"ಬಲಗಡೆ ಯಾರೋ ಕದ್ದುಮುಚ್ಚಿ ಹಂದಿಮಾಂಸ ತಿಂತಾವ್ರೆ. ಒಂದು ತುಂಡು ನಂಗೂ ತರಬಾರ್ದಾ?"

"ನನ್ನನ್ನ ನೋಡಿ ಹೇಳು ಅಣ್ಣ, ಮೂಳೆ ಚಕ್ಕಳ ಆಗಿದ್ದೀನಿ," ಅಂದಳು ಬಲತುದಿಯ ಷಿಯುಝು.

"ಹಂಗಾರೆ ಗೆನ್‌ಮೇಯವ್ವನೇ..." ಎಂದವನು ಥಟ್ಟನೆ ಬಾಯಿ ಮುಚ್ಚಿಕೊಂಡ.

ಮಾರನೆಯ ದಿನ ನನ್ನನ್ನೂ ನನ್ನ ಪಕ್ಕದವಳನ್ನೂ ಹಿಂದೆ ಮುಂದೆ ಕೂರಿಸಿ ನೋಡಿದ. ಗಾಲಿಯ ಅಚ್ಚು ಸವೆದಿದೆ ಎಂದ. ನಾವು ನಂಬಿದೆವು. ಕೆಲವು ವಾರ ಹಾಗೇ ಮೈ ತಿರುಚಿಕೊಂಡು ತಳ್ಳಿದ.

ಆ ಚಳಿಗಾಲದಲ್ಲಿ ಕಾಲುವೆಯ ಹಳೇ ಸೇತುವೆ ಕೆಡವಿ ಹೊಸದು ಕಟ್ಟಿದ್ದರು. ಗೂಡಿನ ದೋಣಿಗಳನ್ನು ಎಳೆಯುವ ಉಗಿದೋಣಿಯ ಹೊಗೆಕೊಳವೆಗೆ ಹಳೆಯ ಸೇತುವೆ ತಾಗುತ್ತಿತ್ತು. ಅದಕ್ಕೆ ಹೊಸದನ್ನು ಒಂಟೆಯ ಡುಬ್ಬದ ಹಾಗೆ ಎತ್ತರಿಸಿದರು. ಕೆಳಗೆ ಹೊಗೆಕೊಳವೆ ಸಲೀಸಾಗಿ ಹೋಗತೊಡಗಿತು. ಮೇಲೆ ಆರು ಹೆಂಗಸರನ್ನು ಕೂರಿಸಿಕೊಂಡವನು ಆ ಏರನ್ನು ಹೇಗೆ ಹತ್ತುತ್ತಾನೆ, ಹಿಮ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಹೇಗೆ ತಡೆದು ನಿಲ್ಲಿಸುತ್ತಾನೆ ಎಂದು ಯಾವ ಇಂಜಿನಿಯರನೂ ಯೋಚಿಸಲಿಲ್ಲ. ಯೋಚಿಸಲು ನಾವೇನು ಗೂಡಿನ ಮೂಟೆಯೇ? ಮೂಟೆ ಕಾಲುವೆಗೆ ಬಿದ್ದರೆ ಮಾಲೀಕನಿಗೆ ನಷ್ಟ.

ಇಳಿಜಾರಿನಲ್ಲಿ ಒಮ್ಮೆ ಗಾಡಿ ಬಲಕ್ಕೆ ವಾಲಿ, ಗೆನ್‌ಮೇ ಕಟಕಟೆಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಬಿಯಾನನ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಮಾರನೆಯ ದಿನ ನಾವು ಆರೂ ಜನ ಕೂತ ಮೇಲೆ ಅವನು ಕಲ್ಲು ತಂದು ಎಡಗಡೆ ಹಲಗೆಯಲ್ಲಿ ನನ್ನ ಪಕ್ಕಕ್ಕೆ ಇಟ್ಟ.

"ಇದ್ಯಾಕಣ್ಣ? ಎಲ್ಲರೂ ಬಂದಿದ್ದೀವಲ್ಲ," ಅಂದೆ.

"ಇರ್ಲಿ ಕಣವ್ವ. ಸೇತುವೆ ಜಾರ್ತದೆ. ನೀನು ಅದುಕ್ಕೇನು ಅನ್ನ ಹಾಕ್ಬೇಕಾ?"

ಗಾಡಿ ನೆಟ್ಟಗೆ ನಿಂತಿತು, ನೆಟ್ಟಗೆ ಸೇತುವೆ ಏರಿತು, ನೆಟ್ಟಗೆ ಇಳಿಯಿತು. ಹಾಗೇ ಕೆಲವು ದಿನ ನಡೆಯಿತು. ಬೆಳಗಿನ ಮಬ್ಬಿನಲ್ಲಿ ಗಿರಣಿ ಬಾಗಿಲಲ್ಲಿ ಇಳಿದು ಓಡುವ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಲೂ ಬಾಗಿಲು ಬಿಟ್ಟು ಗಾಡಿಗಳ ಸಾಲಿನವರೆಗೂ ನಡೆದು ಬಂದಳು. ತಡವಾಗಿ ಬರುವವರನ್ನು ಹಿಡಿಯಲು ಬಂದಿದ್ದಳೋ ಏನೋ. ನಾವು ಇಳಿಯುತ್ತಿದ್ದೆವು. ಅವಳ ಕಣ್ಣು ಹಲಗೆಯ ಮೇಲೆ ಬಿತ್ತು, ಆಮೇಲೆ ನಮ್ಮ ತಲೆಗಳ ಮೇಲೆ ಬಿತ್ತು.

"ಆರು ಜನಾನೂ ಇದ್ದೀರಿ," ಅಂದಳು. "ಕಲ್ಲು ಯಾರಿಗೆ?"

ನಮಗೆ ಗೊತ್ತಿದ್ದರೆ ತಾನೆ ಹೇಳುವುದು. ಬಿಯಾನ್ ಮಾತ್ರ ಕಲ್ಲನ್ನು ಎತ್ತಿ ನೆಲಕ್ಕೆ ಹಾಕಿ, "ಸೇತುವೆ ಜಾರ್ತದೆ ಅಂತ ಅಮ್ಮಾವ್ರೇ," ಅಂದ.

"ಸೇತುವೆ ಎಲ್ಲರಿಗೂ ಜಾರುತ್ತೆ. ಬೇರೆ ಗಾಡಿಲಿ ಕಲ್ಲು ಕಾಣ್ತಾ ಇಲ್ಲವಲ್ಲ." ಅವಳು ತಿರುಗಿದಳು. "ಕಲ್ಲು ಎಡಗಡೆ ಇತ್ತು. ಬಲಗಡೆಯವರು ಮೂರೂ ಜನ ಇಲ್ಲೇ ನಿಲ್ಲಿ."

ಹಾದುಹೋಗುವ ಕೂಲಿಗಳು, ಗಾಡಿಯವರು, ಬಾಗಿಲಿನ ಸಿಖ್ ಕಾವಲುಗಾರ, ಎಲ್ಲರ ಎದುರಿಗೇ ಆ ಮೂವರ ಅಂಗಿಯೊಳಗೆ ಕೈ ಹಾಕಿ ನೋಡಿದಳು. ಷಿಯುಝುವಿನ ಹತ್ತಿರ ಮೂಳೆ ಸಿಕ್ಕಿತು. ಗೆನ್‌ಮೇಯ ಹತ್ತಿರ ಸುತ್ತುಬಟ್ಟೆ ಸಿಕ್ಕಿತು. ಲೂ ಅದರ ಮೇಲೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಒಳಗಿದ್ದದ್ದು ಒದ್ದಿರಬೇಕು, ಅವಳು ಸರಕ್ಕನೆ ಕೈ ತೆಗೆದಳು.

"ಲೂ ಅಕ್ಕ," ಅಂದಳು ಗೆನ್‌ಮೇ ಮೆಲ್ಲಗೆ. "ಒಂದು ನೂಲೂ ಕಡಿಯಲ್ಲ. ಹೆತ್ತ ಮೂರನೇ ದಿನಕ್ಕೆ ಬಂದು ಕೂರ್ತೀನಿ. ಮನೇಲಿ ಅವರು ಎದ್ದು ನಿಲ್ಲೋ ಹಾಗಿಲ್ಲ, ನಿಮಗೆ ಗೊತ್ತಲ್ಲ."

"ಹೆತ್ತ ಮೇಲೆ ಬಾ. ಜಾಗ ಇದ್ರೆ ನೋಡೋಣ."

"ಜಾಗ ಇರಲ್ಲ ಅಂತ ನಿಮಗೂ ಗೊತ್ತು."

"ಗೊತ್ತಿದ್ದ ಮೇಲೆ ಯಾಕೆ ಕೇಳ್ತೀಯಾ? ನಡಿ, ಬಾಗಿಲು ಬಿಡು."

ಗಿರಣಿ ಕೂಗಿತು. ನಾವು ಐವರು ಒಳಗೆ ಓಡಿದೆವು. ಹೌದು, ಓಡಿದೆವು. ಅರ್ಧ ಕೂಲಿ ಬಿಟ್ಟು ಅಲ್ಲಿ ನಿಲ್ಲುವ ಶಕ್ತಿ ನಮ್ಮಲ್ಲಿ ಯಾರಿಗಿತ್ತು? ಮಧ್ಯಾಹ್ನದೊಳಗೆ ಗೆನ್‌ಮೇಯ ಬೋಗುಣಿಯ ಮುಂದೆ ಹೊಸಬಳೊಬ್ಬಳು ಕೂತು ಬೆರಳು ಸುಟ್ಟುಕೊಳ್ಳುತ್ತಿದ್ದಳು.

ಸಂಜೆ ಗಾಡಿ ಹತ್ತಿದಾಗ ನಮ್ಮೊಳಗೇ ಜಗಳ. ಯಾರು ಹೋಗಿ ಲೂ ಕಿವಿಗೆ ಊದಿದ್ದು ಎಂದು ಒಬ್ಬರ ಮೇಲೊಬ್ಬರು ಬಿದ್ದೆವು. ಷಿಯುಝು ನನ್ನ ಮೇಲೆಯೇ ತಿರುಗಿದಳು.

"ನಿನ್ನ ಪಕ್ಕದಲ್ಲೇ ಕಲ್ಲು ಇತ್ತಲ್ಲ ಅಫೆಂಗ್, ನೀನೇ ಹೇಳಿರಬೇಕು."

"ನನಗೆ ಗೊತ್ತಿದ್ರೆ ನಾನೇ ಹೊತ್ಕೊಂಡು ಹೋಗ್ತಿದ್ದೆ. ಬಾಯಿಗೆ ಬಂದ ಹಾಗೆ ಮಾತಾಡಬೇಡ."

"ಯಾರೂ ಹೇಳಿಲ್ಲ," ಅಂದ ಬಿಯಾನ್ ಹಿಂದಿನಿಂದ. ಗಾಡಿ ನಿಲ್ಲಿಸಿ, ಪಟ್ಟಿ ಕಳಚಿ, ಸೇತುವೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ನಾನೇ ಹೇಳ್ದಂಗಾಯ್ತು. ಕಲ್ಲು ಯಾಕಂತ ಆ ಯಮ್ಮನಿಗೆ ಗೊತ್ತಿತ್ತು. ಆ ಯಮ್ಮ ಬಸುರಿ ಆಗಿದ್ದಾಗ್ಲೂ ನಾನು ಕಲ್ಲು ಇಟ್ಟಿದ್ದೆ. ಎಡಗಡೆ ಕೂರ್ತಿದ್ಲಲ್ಲ, ಬಲಗಡೆ ಇಡ್ತಿದ್ದೆ. ಆವಾಗಿನ ನಂಬರ್ ಒನ್ನು ಗಾಡಿ ಹತ್ತಿದೋಳಲ್ಲ, ಅವ್ಳಿಗೆ ಕಲ್ಲು ಕಂಡ್ರೂ ತಿಳೀಲಿಲ್ಲ. ಹೆರೋ ಗಂಟ ತಳ್ಳಿದೆ."

"ಮತ್ತೆ ಅವಳ ಕಣ್ಣೆದುರಿಗೇ ಯಾಕೆ ತಂದೆ ಅಣ್ಣ?" ಅಂದೆ. "ಬಾಗಿಲಿಗೆ ಬರೋಕೆ ಮುಂಚೆ ಎಲ್ಲಾದ್ರೂ ಇಳಿಸಬಾರದಾಗಿತ್ತಾ?"

"ಅವ್ಳು ನಮ್ಮ ಗಾಡಿಯೋಳು ಅಂದ್ಕಂಡಿದ್ದೆ ಕಣವ್ವ," ಅಂದ.

ಆಮೇಲೆ ಅವನು ಹೇಳಿದ್ದನ್ನು ನಾನು ಮರೆಯಲಾರೆ. ನೆರೆಯ ವರ್ಷ ಊರು ಬಿಟ್ಟು ಬರುವಾಗ ಗಾಡಿಯ ಒಂದು ಪಕ್ಕದಲ್ಲಿ ಪಾತ್ರೆಪಗಡ, ಇನ್ನೊಂದು ಪಕ್ಕದಲ್ಲಿ ತುಂಬು ಬಸುರಿ ಹೆಂಡತಿಯನ್ನು ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ತಳ್ಳಿಕೊಂಡು ಬಂದಿದ್ದನಂತೆ. ದಾರಿಯಲ್ಲಿ ಪಾತ್ರೆ ಒಂದೊಂದಾಗಿ ಮಾರಿಹೋದವು, ಗಾಡಿಯ ಆ ಪಕ್ಕ ಹಗುರವಾಗುತ್ತ ಬಂತು. ಅವನು ಹಸಿದಿದ್ದ, ಲಕ್ಷ್ಯ ಕೊಡಲಿಲ್ಲ. ಗಾಡಿ ಉರುಳಿತು. ಹೊಟ್ಟೆಯಲ್ಲಿದ್ದದ್ದನ್ನು ಏರಿಯ ಕೆಳಗೇ ಮಣ್ಣು ಮಾಡಿ, ಮುರಿದ ಗಾಡಿಯನ್ನೂ ಅಲ್ಲೇ ಬಿಟ್ಟು ಬಂದರು.

"ಇನ್ನೊಂದ್ಸಲ ಬಸುರಿನ ಬೀಳಿಸಲ್ಲ ಅಂದ್ಕಂಡಿದ್ದೆ," ಅಂದ. "ಈಗ ನೋಡಿ. ಬೀಳಿಸ್ದೇ ಇದ್ದುದ್ಕೇ ಹಿಂಗಾಯ್ತು."

ಒಳ್ಳೆಯದು ಮಾಡಿದವನ ಬಾಯಿಂದ ಇಂಥ ಮಾತು ಬರುವ ಹಾಗೆ ಮಾಡುವ ಊರನ್ನು ಏನೆಂದು ಕರೆಯಬೇಕು? ಮೇಷ್ಟ್ರು ಇದಕ್ಕೆ ಪ್ರಗತಿ ಎನ್ನುತ್ತಾರೆ. ನನಗೆ ಬೇರೆ ಹೆಸರುಗಳು ಬಾಯಿಗೆ ಬರುತ್ತವೆ, ಹೆಂಗಸು ಆಡಬಾರದ ಹೆಸರುಗಳು.

ಬಿಯಾನ್ ಅಲ್ಲಿಗೇ ಬಿಡಲಿಲ್ಲ. ಸಂಜೆಯ ಹೊತ್ತು ಗಾಡಿಯವರೆಲ್ಲ ಸೇರಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿ ತಿನ್ನುತ್ತ ಕೂರುವ ಅಡ್ಡೆಯೊಂದಿತ್ತು. ಅಲ್ಲಿ ಏನು ಮಾತಾಡಿದನೋ, ಯಾರ ಕಾಲು ಹಿಡಿದನೋ, ನಾವು ಹೆಂಗಸರು ಕಂಡವರಲ್ಲ. ಮರುವಾರ ಬೆಳಿಗ್ಗೆ ಗಿರಣಿ ಬಾಗಿಲಿಗೆ ಬಂದ ಒಂದೊಂದು ಗಾಡಿಯಲ್ಲೂ ಕಲ್ಲಿತ್ತು. ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ, ಒಬ್ಬ ಮಹಾರಾಯ ಎರಡೂ ಕಡೆ ಇಟ್ಟಿದ್ದ. ಒಬ್ಬನ ಗಾಡಿಯಲ್ಲಿ ಕಲ್ಲಿನ ಬದಲು ಒಂದು ಉಪ್ಪಿನಕಾಯಿ ಜಾಡಿ ಕೂತಿತ್ತು. ಸುಮ್ಮನೆ ಒಂದು ಭಾರ ಹೆಚ್ಚಿಗೆ ಹೊತ್ತುಕೊಂಡು ಆ ಸೇತುವೆ ಏರಿ ಬಂದಿದ್ದರು ಅಷ್ಟೂ ಜನ, ಊರೆಲ್ಲ ಹಂದಿಗಳೆಂದು ಉಗಿಯುವ ಆ ಜಿಯಾಂಗ್‌ಬೇಯವರು.

ಲೂ ನೋಡಿದಳು. ಅವಳ ಮುಖ ಬೆಂದ ಏಡಿಯ ಬಣ್ಣಕ್ಕೆ ತಿರುಗಿತು.

"ಇದೇನಿದು? ಎಲ್ಲಾ ಗಾಡಿಗೂ ಕಲ್ಲು?"

"ಸೇತುವೆ ಎಲ್ಲರಿಗೂ ಜಾರ್ತದೆ ಅಂತ ಅಮ್ಮಾವ್ರೇ ಹೇಳಿದ್ರಲ್ಲ," ಅಂದ ಒಬ್ಬ ಮುದುಕ ಗಾಡಿಯವನು, ಬಹಳ ವಿನಯದಿಂದ.

ನಾವು ಹೆಂಗಸರು ಅನ್ನದ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆವು. ಲೂ ಪಟ್ಟು ಬಿಡಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೊಟ್ಟೆ ತಡವಲು ಶುರು ಮಾಡಿದಳು. ಗಿರಣಿ ಕೂಗಿ ಸುಮ್ಮನಾಯಿತು. ಒಳಗೆ ಬೋಗುಣಿಗಳಲ್ಲಿ ಗೂಡು ಬೆಂದು ಬೆಂದು ಕೀವಿನಂತಾಯಿತು, ಉಗಿ ಸುಮ್ಮನೆ ವ್ಯರ್ಥವಾಯಿತು. ಮ್ಯಾನೇಜರ್ ಹೊರಗೆ ಬಂದು ಎಲ್ಲರೆದುರಿಗೆ ಲೂಗೆ ಛೀಮಾರಿ ಹಾಕಿದ. ಹೆಂಗಸರ ಹೊಟ್ಟೆಗಿಂತ ಗೂಡಿನ ಹೊಟ್ಟೆ ಅವನಿಗೆ ಮುಖ್ಯ. ಹಾಗಾಗಿ ಅವತ್ತು ನಾವು ಗೆದ್ದೆವು.

ಗೆದ್ದೆವು ಎಂದುಕೊಂಡೆವು. ಮಾರನೆಯ ದಿನ ಹೊಸ ಕಟ್ಟಳೆ ಬಂತು. ಗಾಡಿಗಳು ಗಿರಣಿ ಬಾಗಿಲಿಗೆ ಬರಕೂಡದು, ಸೇತುವೆಯ ಬುಡದಲ್ಲೇ ಹೆಂಗಸರನ್ನು ಇಳಿಸಬೇಕು. ಅಲ್ಲಿಂದ ಮುಂದಕ್ಕೆ ಮೊಣಕಾಲುದ್ದ ಕೆಸರಿನಲ್ಲಿ ಬೂದಿಗುಂಡಿ ಸುತ್ತಿಕೊಂಡು ಕಟ್ಟಿದ ಪಾದದಲ್ಲಿ ನಡೆಯಬೇಕು. ನಾವು ಒಬ್ಬರ ಹೆಗಲು ಇನ್ನೊಬ್ಬರು ಹಿಡಿದುಕೊಂಡು ಸರಪಳಿಯ ಹಾಗೆ ನಡೆದೆವು. ಆದರೆ ಗಾಡಿಯನ್ನೇ ದೂರ ಇಟ್ಟ ಮೇಲೆ ಕಲ್ಲೂ ಲೂ ಕಣ್ಣಿಗೆ ಬೀಳಲಿಲ್ಲ. ಮತ್ತೆ ಯಾರ ಹೊಟ್ಟೆಯೂ ಗಾಡಿಯಿಂದ ಸಿಕ್ಕಿಬೀಳಲಿಲ್ಲ. ಆ ಒಂದು ಸಮಾಧಾನಕ್ಕೆ ನಮ್ಮ ಪಾದಗಳು ಬೆಲೆ ತೆತ್ತವು, ತೆರಲಿ ಬಿಡಿ.

ಗೆನ್‌ಮೇಗೆ ಅದರಿಂದ ಏನೂ ಬರಲಿಲ್ಲ. ಬೋಗುಣಿ ಮತ್ತೆ ಸಿಗಲಿಲ್ಲ. ಹೆಣ್ಣು ಮಗು ಹುಟ್ಟಿತು, ಲಾನ್ ಎಂದು ಹೆಸರಿಟ್ಟಳು. ಮನೆಯಲ್ಲೇ ಕೂತು ಬೆಂಕಿಪೊಟ್ಟಣ ಅಂಟಿಸತೊಡಗಿದಳು. ಗೋಣಿಗಟ್ಟಲೆ ಅಂಟಿಸಿದರೂ ಗಂಜಿಗೆ ಸಾಲದು. ಬಿಯಾನ್ ಆಗಾಗ ದಾರಿ ಬಳಸಿ ಹೋಗಿ, ಗಾಡಿಯಿಂದ ಉದುರಿದ ಕಲ್ಲಿದ್ದಲು ಚೂರನ್ನೋ ಒಂದು ಎಲೆಕೋಸನ್ನೋ ಅವಳ ಬಾಗಿಲಲ್ಲಿ ಇಟ್ಟು ಬರುತ್ತಿದ್ದ. ಅವಳೆದುರಿಗೆ ನಿಂತು ಮಾತಾಡುತ್ತಿರಲಿಲ್ಲ. ಗೆನ್‌ಮೇ ಒಮ್ಮೆ ನನ್ನ ಹತ್ತಿರ, "ಆ ಮನುಷ್ಯನಿಗೆ ಹೇಳು ಅಫೆಂಗ್, ನಾನು ಅವನ ಮೇಲೆ ಕೋಪ ಮಾಡ್ಕೊಂಡಿಲ್ಲ. ಅವನು ಕಲ್ಲು ಇಡದಿದ್ರೆ ನಾನು ಕಾಲುವೆಗೆ ಬೀಳ್ತಿದ್ದೆ," ಅಂದಳು. ನಾನು ಹೇಳಿದೆ. ಅವನು ಕೇಳಿಸಿಕೊಂಡು ತಲೆ ಆಡಿಸಿದ, ಮತ್ತೆ ಹಾಗೇ ಬಾಗಿಲಲ್ಲಿ ಇಟ್ಟು ಬಂದ.

ವರ್ಷಗಳು ಉರುಳಿದವು. ಟ್ರಾಮು ಬಂತು, ರಬ್ಬರು ಗಾಲಿ ಬಂತು, ಗಾಡಿಗಳು ಹಿತ್ತಲ ದಾರಿ ಹಿಡಿದವು. ಗೆನ್‌ಮೇಯ ಗಂಡ ತೀರಿಕೊಂಡ. ಲಾನ್‌ಗೆ ಹಾಲುಹಲ್ಲು ಬೀಳುವ ವಯಸ್ಸಾಯಿತು. ರೇಷ್ಮೆ ಗಿರಣಿಗಳಲ್ಲಿ ಆ ವಯಸ್ಸಿನ ಮಕ್ಕಳು ಬೇಕೇ ಬೇಕು. ಕುದಿಯುವ ನೀರಿನಲ್ಲಿ ಗೂಡುಗಳನ್ನು ಪೊರಕೆಯಿಂದ ಬಡಿದು ನೂಲಿನ ತುದಿ ಹುಡುಕಿಕೊಡಲು ಸಣ್ಣ ಬೆರಳು ಬೇಕು, ಕಡಿಮೆ ಕೂಲಿಯೂ ಬೇಕು. ನಿದ್ದೆ ತೂಗಿದರೆ ಅದೇ ಬಿಸಿನೀರನ್ನು ಎರಚಿ ಎಬ್ಬಿಸುತ್ತಾರೆ. ಗೆನ್‌ಮೇ ಒಂದು ಬೆಳಿಗ್ಗೆ ಮಗಳ ಜಡೆ ಬಿಗಿಯಾಗಿ ಹೆಣೆದು ನಮ್ಮ ಗಾಡಿಯ ಹತ್ತಿರ ಕರೆದುಕೊಂಡು ಬಂದಳು.

ಬಿಯಾನ್ ಹಿಡಿ ಬಿಟ್ಟು ನಿಂತ. "ಇವಳ್ನ ನಾನು ತಳ್ಳಲ್ಲ ಕಣವ್ವ."

"ನೀನು ತಳ್ಳದಿದ್ರೆ ನಡ್ಕೊಂಡು ಹೋಗ್ತಾಳೆ ಅಣ್ಣ. ಹೋಗೋದಂತೂ ಹೋಗಬೇಕು."

"ಇನ್ನೊಂದು ವರ್ಷ ತಡಿಯವ್ವ. ನಾನೇನಾದ್ರೂ..."

"ಏನು ಮಾಡ್ತೀಯಾ?" ಗೆನ್‌ಮೇಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗೇ ಎಲ್ಲಿದೆ? ಕೂರಿಸ್ಕೋ."

ಅವನು ಹುಡುಗಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದ. ಅವತ್ತು ಮಳೆ ಬಂದು ಕೆಸರು ಹುಡುಗಿಯ ಸೊಂಟದ ತನಕ ನಿಂತಿತ್ತು. ಬಿಯಾನ್ ಗಾಡಿಯನ್ನು ಅಲ್ಲೇ ಕಟ್ಟಳೆಯ ಪ್ರಕಾರ ನಿಲ್ಲಿಸಿ, ಲಾನ್‌ಳನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಜೊತೆ ಗಿರಣಿ ಬಾಗಿಲ ತನಕ ಬಂದ. ಗಾಡಿಗಳನ್ನು ದೂರ ಇಟ್ಟ ಮೇಲೆ ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

ಲೂ ಯಿಂಗ್‌ಬಾವ್ ಅಲ್ಲೇ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು, ಚಿನ್ನದ ಹಲ್ಲು ಹಾಗೇ ಇತ್ತು. ಅವಳು ಬಿಯಾನನ ಮುಖ ನೋಡಲಿಲ್ಲ, ಹುಡುಗಿಯನ್ನು ನೋಡಿದಳು.

"ಇದು ಯಾರ ಮಗು?"

ಅವಳೆದುರಿಗೆ ಒಂದು ದಿನವೂ ತಲೆ ಎತ್ತದ ಮನುಷ್ಯ ಅವತ್ತು ತಲೆ ಎತ್ತಿದ.

"ನೀವು ಆವತ್ತು ಇದೇ ಜಾಗದಲ್ಲಿ ಕೈಯಿಟ್ಟು ನೋಡಿದ್ರಲ್ಲ ಅಮ್ಮಾವ್ರೇ," ಅಂದ. "ಅದೇ."

ಲೂ ಲಾನ್‌ಳ ಬಲಗೈ ಎಳೆದು, ಬೆರಳುಗಳನ್ನು ಅಗಲಿಸಿ, ಒಂದೊಂದಾಗಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಣ್ಣಗಿವೆ," ಅಂದಳು. "ಒಳಗೆ ಬಿಡಿ."